ಮಿಂಚುಹುಳದ ಜೀನಿಗೂ ಅರಿಶಿನದ ಮಾತ್ರೆಗೂ ಏನು ಸಂಬಂಧ?

ಪ್ರಶ್ನೆ: ನನ್ನ ಮಗಳು ಮೈಸೂರಿನಲ್ಲಿ ಬಯೊಟೆಕ್ನಾಲಜಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಪ್ರಾಜೆಕ್ಟ್ ಏನಮ್ಮಾ ಎಂದರೆ, “ಮಿಂಚುಹುಳದ ಜೀನನ್ನು ಮನುಷ್ಯರ ಜೀವಕೋಶಕ್ಕೆ ಹಾಕಿ ಬೆಳಕು ಅಳೀತೀವಿ ಅಪ್ಪಾ. ಅರಿಶಿನದ ಸಾರ ಹಾಕಿದರೆ ಜೀನ್ ಆಫ್ ಆಗುತ್ತಾ ಅಂತ ನೋಡೋದು” ಎನ್ನುತ್ತಾಳೆ. ಇದಕ್ಕಾಗಿ ಹುಳ ಹಿಡಿದು ಕೊಲ್ಲುತ್ತಾರೆಯೇ? ಜೀವಕೋಶ ನಿಜವಾಗಿಯೂ ಮಿನುಗುತ್ತದೆಯೇ? ಮಿಂಚುಹುಳದ ಬೆಳಕಿಗೂ ನಮ್ಮ ಜೀನಿಗೂ ಏನು ಸಂಬಂಧ? ಇನ್ನೊಂದು ಮಾತು. ಅರಿಶಿನ ಕ್ಯಾನ್ಸರ್ ಜೀನನ್ನು ಆರಿಸುತ್ತದೆ ಎಂದು ಎಲ್ಲೋ ಓದಿ ನಮ್ಮ ಮನೆಯವರೆಲ್ಲ ಕರ್ಕ್ಯುಮಿನ್ ಮಾತ್ರೆ ನುಂಗಲು ಶುರು ಮಾಡಿದ್ದಾರೆ. ಸರಿಯೇ?
– ಓದುಗರೊಬ್ಬರು, ಕಡಕೊಳ, ಮೈಸೂರು

ಉತ್ತರ: ಮಾತ್ರೆಯ ವಿಷಯ ಕೊನೆಗಿರಲಿ. ಮೊದಲು ಹುಳದ ಚಿಂತೆ ಬಿಡಿ. ನಿಮ್ಮ ಮಗಳ ಲ್ಯಾಬಿನಲ್ಲಿ ಯಾರೂ ಮಿಂಚುಹುಳ ಹಿಡಿಯುವುದಿಲ್ಲ. ಒಂದು ಕಾಲದಲ್ಲಿ ಹಿಡಿಯುತ್ತಿದ್ದುದು ನಿಜ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ವಿಲಿಯಂ ಮೆಕೆಲ್ರಾಯ್ ಎಂಬ ಜೀವರಸಾಯನ ವಿಜ್ಞಾನಿ ಊರಿನ ಮಕ್ಕಳಿಗೆ ನೂರು ಹುಳಕ್ಕೆ ಇಷ್ಟು ಎಂದು ಕಾಸು ಕೊಟ್ಟು ಹಿಡಿಸುತ್ತಿದ್ದರು. ಅವುಗಳ ಬೆಳಗುವ ಭಾಗವನ್ನು ಅರೆದು, ಆ ಬೆಳಕಿಗೆ ಎಟಿಪಿ ಬೇಕೇ ಬೇಕು ಎಂದು 1947ರಲ್ಲಿ ತೋರಿಸಿದರು. ಎಟಿಪಿ ಎಂದರೆ ಪ್ರತಿಯೊಂದು ಜೀವಕೋಶವೂ ಶಕ್ತಿಗಾಗಿ ಖರ್ಚು ಮಾಡುವ ಅಣು. ಸಿಗ್ಮಾ ಎಂಬ ರಾಸಾಯನಿಕ ಕಂಪನಿ ಹುಳ ಹಿಡಿಯುವವರ ಒಂದು ಕ್ಲಬ್ಬನ್ನೇ ಕಟ್ಟಿಕೊಂಡು 1990ರ ದಶಕದವರೆಗೂ ಕೊಳ್ಳುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಮಾರ್ಲೀನ್ ಡೆಲುಕಾ, ಡೊನಾಲ್ಡ್ ಹೆಲಿನ್‌ಸ್ಕಿ, ಕೀತ್ ವುಡ್, ಡಿ ವೆಟ್ ಇವರಿದ್ದ ತಂಡ 1985ರಲ್ಲಿ ಫೋಟಿನಸ್ ಪೈರಾಲಿಸ್ ಎಂಬ ಅಮೆರಿಕದ ಮಿಂಚುಹುಳದಿಂದ ಆ ಜೀನನ್ನೇ ಬೇರ್ಪಡಿಸಿ ಬ್ಯಾಕ್ಟೀರಿಯಕ್ಕೆ ಸೇರಿಸಿತು. ಎರಡೇ ವರ್ಷದಲ್ಲಿ ಅದು ಸಸ್ತನಿಗಳ ಜೀವಕೋಶದಲ್ಲೂ ಕೆಲಸ ಮಾಡುತ್ತದೆಂದು ತೋರಿಸಿದರು. ಅಲ್ಲಿಂದೀಚೆಗೆ ಆ ಒಂದು ಜೀನಿನ ಪ್ರತಿಗಳೇ ಬ್ಯಾಕ್ಟೀರಿಯದಲ್ಲಿ ಬೆಳೆದು, ಟ್ಯೂಬುಗಳಲ್ಲಿ ಕೂತು, ಲ್ಯಾಬಿನಿಂದ ಲ್ಯಾಬಿಗೆ ಓಡಾಡುತ್ತಿವೆ. ಮುಂಗಾರಿನ ಹೊಸ್ತಿಲಲ್ಲಿ ಕೊಡಗು, ಮಲೆನಾಡಿನ ಮರಗಳ ಮೇಲೆ ಮಿನುಗುವ ನಮ್ಮ ಹುಳಗಳಿಗೆ ವಿಜ್ಞಾನಿಗಳಿಂದ ಏನೂ ತೊಂದರೆಯಿಲ್ಲ. 

ಈಗ ಮುಖ್ಯ ಪ್ರಶ್ನೆ. ನಿಮ್ಮ ಯಕೃತ್ತಿನ ಜೀವಕೋಶದಲ್ಲೂ ಚರ್ಮದ ಜೀವಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಆದರೂ ಒಂದು ಪಿತ್ತ ತಯಾರಿಸುತ್ತದೆ, ಇನ್ನೊಂದು ಬಿಸಿಲಿಗೆ ಕಪ್ಪಾಗುತ್ತದೆ. ವ್ಯತ್ಯಾಸವೆಲ್ಲ ಯಾವ ಜೀನ್ ಎಲ್ಲಿ, ಎಷ್ಟು ಹೊತ್ತು, ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಎಂಬುದರಲ್ಲಿದೆ. ಇದನ್ನು ನಿರ್ಧರಿಸುವುದು ಬಹುಮಟ್ಟಿಗೆ ಜೀನಿನ ಮುಂದಿರುವ ಒಂದಷ್ಟು ಡಿಎನ್‌ಎ. ಅದಕ್ಕೆ ಪ್ರೊಮೋಟರ್ ಎನ್ನುತ್ತಾರೆ. ಎ, ಸಿ, ಜಿ, ಟಿ ಎಂಬ ಡಿಎನ್‌ಎ ಅಕ್ಷರಗಳಲ್ಲಿ ಎಣಿಸಿದರೆ ಸಾವಿರಾರು ಅಕ್ಷರ ದೂರದಲ್ಲಿದ್ದುಕೊಂಡೇ ಜೋರು ಹೆಚ್ಚಿಸುವ ತುಂಡುಗಳೂ ಇವೆ, ಅವು ಎನ್‌ಹಾನ್ಸರ್. ಕೋಶದೊಳಗಿನ ಕೆಲವು ಪ್ರೋಟೀನುಗಳು ಬಂದು ಈ ತುಂಡುಗಳ ಮೇಲೆ ಕೂತರೆ ಜೀನ್ ಚಾಲೂ ಆಗುತ್ತದೆ, ಎದ್ದು ಹೋದರೆ ನಿಲ್ಲುತ್ತದೆ. ಯಾವ ತುಂಡು ಸ್ವಿಚ್ಚು, ಯಾವುದು ಬರೀ ಭರ್ತಿ ಎಂದು ಅಕ್ಷರ ಓದಿದ ಮಾತ್ರಕ್ಕೆ ಗೊತ್ತಾಗುವುದಿಲ್ಲ. ಪರೀಕ್ಷೆ ಮಾಡಿಯೇ ನೋಡಬೇಕು.

ನಿಮ್ಮೂರಿನ ವೈರ್‌ಮನ್ ಹತ್ತಿರ ಒಂದು ಟೆಸ್ಟ್ ಲ್ಯಾಂಪ್ ಇರುತ್ತದಲ್ಲ, ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬು. ಪಂಪ್‌ಸೆಟ್ ಓಡದಿದ್ದರೆ ಅವನು ಮೊದಲು ಮೋಟರನ್ನು ಬಿಚ್ಚುವುದಿಲ್ಲ. ಮೋಟರಿನ ಜಾಗಕ್ಕೆ ಬಲ್ಬು ಹಿಡಿದು ಸ್ಟಾರ್ಟರ್ ಒತ್ತಿ ನೋಡುತ್ತಾನೆ. ಉರಿದರೆ ಸ್ಟಾರ್ಟರ್ ಸರಿಯಿದೆ. ನಿಮ್ಮ ಮಗಳು ಮಾಡುತ್ತಿರುವುದೂ ಅದನ್ನೇ. ಯಾವ ಜೀನಿನ ಸ್ವಿಚ್ಚನ್ನು ತಿಳಿಯಬೇಕೋ ಅದನ್ನು ಮಾತ್ರ ಕತ್ತರಿಸಿಕೊಂಡು, ಹಿಂದಿದ್ದ ಜೀನನ್ನು ಬಿಟ್ಟು, ಅಲ್ಲಿ ಮಿಂಚುಹುಳದ ಜೀನನ್ನು ಕೂರಿಸುತ್ತಾಳೆ. ಈ ಜೋಡಣೆಯನ್ನು ಹೊತ್ತ ಪುಟ್ಟ ಡಿಎನ್‌ಎ ಬಳೆಯೇ ರಿಪೋರ್ಟರ್ ಪ್ಲಾಸ್ಮಿಡ್.

ಬಹುಕಾಲ ಎಲ್ಲರೂ ಬಳಸಿದ ಪಿಜಿಎಲ್-3 ಬೇಸಿಕ್ ಎಂಬ ಪ್ಲಾಸ್ಮಿಡ್ಡಿನಲ್ಲಿ 4,818 ಅಕ್ಷರಗಳಿವೆ. ಅದರಲ್ಲಿ ಸುಮಾರು 1,650 ಮಿಂಚುಹುಳದ ಜೀನಿನವು; ಆ ಜೀನು ತಯಾರಿಸುವ, ಬೆಳಕು ಹೊಮ್ಮಿಸುವ ಕಿಣ್ವವೇ ಲೂಸಿಫರೇಸ್. ಬ್ಯಾಕ್ಟೀರಿಯದೊಳಗೆ ತಾನೇ ಪ್ರತಿ ಮಾಡಿಕೊಳ್ಳಲು ಒಂದು ಭಾಗ, ಆಂಪಿಸಿಲಿನ್ ಔಷಧಿಯನ್ನು ತಡೆದುಕೊಳ್ಳಲು ಒಂದು ಜೀನು. ಲೂಸಿಫರೇಸಿನ ಮುಂದೆ ಖಾಲಿ ಜಾಗ, ಅಲ್ಲಿ ಬೇಕಾದ ತುಂಡನ್ನು ಹೊಲಿಯಲು ಕತ್ತರಿ ಕಿಣ್ವಗಳ ಗುರುತುಗಳು. ನನಗೆ ಇಷ್ಟವಾದ ಜಾಣತನ ಇದಕ್ಕೂ ಸ್ವಲ್ಪ ಮುಂಚೆ ಇದೆ. ಖಾಲಿ ಜಾಗಕ್ಕೂ ಮೊದಲು ‘ಇಲ್ಲಿಗೆ ನಿಲ್ಲಿಸು’ ಎಂಬ ಸೂಚನೆಯ ಒಂದು ತುಂಡನ್ನು ಇಟ್ಟಿದ್ದಾರೆ. ಬಳೆಯ ಬೇರೆಲ್ಲಿಂದಲೋ ಆಕಸ್ಮಿಕವಾಗಿ ಶುರುವಾದ ಓದು ಲೂಸಿಫರೇಸಿಗೆ ತಲುಪಿ ಸುಳ್ಳು ಬೆಳಕು ಕೊಡದಿರಲಿ ಎಂದು. ‘ಬೇಸಿಕ್’ನಲ್ಲಿ ಸ್ವಂತ ಪ್ರೊಮೋಟರ್ ಇಲ್ಲ. ನೀವು ಹಾಕಿದ ತುಂಡು ಸ್ವಿಚ್ಚಾಗಿದ್ದರೆ ಮಾತ್ರ ಅದು ಬೆಳಗಬೇಕು.

ಮಿಂಚುಹುಳವೇ ಯಾಕೆ? ನಮ್ಮ ಜೀವಕೋಶಗಳಲ್ಲಿ ಲೂಸಿಫರೇಸ್ ಹುಟ್ಟಾ ಇಲ್ಲ, ಹಾಗಾಗಿ ಹಿನ್ನೆಲೆಯ ಬೆಳಕು ಇಲ್ಲವೆಂದೇ ಹೇಳಬಹುದು. ಈ ಪ್ರೋಟೀನು ಕೋಶದಲ್ಲಿ ಹೆಚ್ಚು ಹೊತ್ತು ಬಾಳುವುದೂ ಇಲ್ಲ, ಸುಮಾರು ಮೂರು ಗಂಟೆಗೆ ಅರ್ಧ ಕರಗುತ್ತದೆ. ಆದ್ದರಿಂದ ಸ್ವಿಚ್ಚು ಆರಿದ್ದು ಬೇಗ ಗೊತ್ತಾಗುತ್ತದೆ. ಇದಕ್ಕೂ ಮೊದಲು, 1982ರಿಂದ, ಸಿಎಟಿ ಎಂಬ ಬ್ಯಾಕ್ಟೀರಿಯದ ಜೀನನ್ನು ಇದೇ ಕೆಲಸಕ್ಕೆ ಬಳಸುತ್ತಿದ್ದರು. ಅದಕ್ಕೆ ವಿಕಿರಣಶೀಲ ಇಂಗಾಲ ಬೆರೆತ ಔಷಧಿ, ಗಾಜಿನ ತಟ್ಟೆಯ ಮೇಲೆ ಬೇರ್ಪಡಿಸುವ ರಗಳೆ, ಆಮೇಲೆ ಎಕ್ಸ್‌ರೇ ಫಿಲ್ಮು ತೊಳೆಯುವ ಕೆಲಸ. ಇಂದಿನ ಎಂ.ಎಸ್ಸಿ. ಹುಡುಗರಿಗೆ ಹೇಳಿದರೆ ನಂಬುವುದಿಲ್ಲ.

ಲ್ಯಾಬಿನಲ್ಲಿ ಕೆಲಸ ನಡೆಯುವುದು ಹೀಗೆ. ಹೆಚ್‌ಇಕೆ-293 ಎಂಬ, 1970ರ ದಶಕದಿಂದ ಬೆಳೆಸಿಕೊಂಡು ಬಂದ ಮಾನವ ಮೂಲದ ಕೋಶಗಳನ್ನು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಬೆಳೆಸುತ್ತಾರೆ. ಪ್ಲಾಸ್ಮಿಡ್ಡನ್ನು ಕೊಬ್ಬಿನ ಹನಿಗಳಿಗೆ ಸುತ್ತಿ ಕೋಶದೊಳಕ್ಕೆ ಕಳಿಸುತ್ತಾರೆ. ‘ಟ್ರಾನ್ಸ್‌ಫೆಕ್ಟ್ ಮಾಡೋದು’ ಎಂದು ಮಗಳು ಹೇಳಿರಬೇಕು. ಒಂದೆರಡು ದಿನ ಕಾದು, ಕೋಶಗಳನ್ನು ತೊಳೆದು, ಒಡೆದು, ಆ ರಸದ 20 ಮೈಕ್ರೊಲೀಟರ್ ತೆಗೆದು ಟ್ಯೂಬಿಗೆ ಹಾಕುತ್ತಾರೆ. ಅದಕ್ಕೆ ಲೂಸಿಫರೇಸಿನ ಆಹಾರವಾದ ಲೂಸಿಫೆರಿನ್ ಮತ್ತು ಎಟಿಪಿ ಇರುವ ದ್ರವ 100 ಮೈಕ್ರೊಲೀಟರ್ ಸೇರಿಸಿ ಲ್ಯೂಮಿನೋಮೀಟರ್ ಎಂಬ ಕತ್ತಲೆ ಡಬ್ಬಿಗೆ ಇಟ್ಟರೆ ಕೆಲವೇ ಸೆಕೆಂಡಿನಲ್ಲಿ ಅಂಕಿ ಬರುತ್ತದೆ. ಹುಳದ ಬೆಳಕು ಹಳದಿ-ಹಸಿರು, ಸುಮಾರು 560 ನ್ಯಾನೊಮೀಟರ್. ಆದರೆ ಅದು ಎಷ್ಟು ಕ್ಷೀಣವೆಂದರೆ ಬರಿಗಣ್ಣಿಗೆ ಸಾಮಾನ್ಯವಾಗಿ ಏನೂ ಕಾಣದು. ಹಾಗಾಗಿ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರ: ಮಿನುಗುತ್ತದೆ, ಆದರೆ ಇಡೀ ಕೋಶವಲ್ಲ, ಅದನ್ನು ಒಡೆದ ರಸ; ನೋಡುವುದೂ ಮಷೀನು.

ಅಪಾಯವಿದೆಯೇ ಎಂದು ನೀವು ಕೇಳಲಿಲ್ಲ, ಕೇಳಬೇಕೆಂದಿದ್ದಿರಿ ಅನ್ನಿಸಿತು. ಇಂಥ ಸಾದಾ ಪ್ಲಾಸ್ಮಿಡ್ಡು ಮಾನವ ಕೋಶದಲ್ಲಿ ಪ್ರತಿ ಮಾಡಿಕೊಳ್ಳುವುದಿಲ್ಲ. ಕೋಶ ಒಡೆದು ಎರಡಾದಂತೆಲ್ಲ ಪಾಲಾಗಿ, ಕೆಲವು ದಿನದಲ್ಲಿ ಬಹುಪಾಲು ಕಳೆದುಹೋಗುತ್ತದೆ.

ಇಲ್ಲೊಂದು ತೊಡಕಿದೆ, ಹೊಸಬರು ಎಡವುವುದು ಇಲ್ಲೇ. ಬೆಳಕು ಕಡಿಮೆಯಾಯಿತು ಎಂದುಕೊಳ್ಳಿ. ಸ್ವಿಚ್ಚು ಆರಿತೋ? ಅಥವಾ ಆ ಗುಳಿಗೆ ಪ್ಲಾಸ್ಮಿಡ್ಡೇ ಕಡಿಮೆ ಹೋಯಿತೋ? ಅಥವಾ ಕೋಶಗಳೇ ಸತ್ತವೋ? ಇದಕ್ಕೆ ಎರಡನೆಯ ದೀಪವೊಂದನ್ನು ಜೊತೆಗೆ ಕಳಿಸುತ್ತಾರೆ. ರೆನಿಲ್ಲಾ ಎಂಬ ಕಡಲಜೀವಿಯ ಲೂಸಿಫರೇಸ್ ಅದು. ಅದರ ಬೆಳಕು ನೀಲಿ, ಎಟಿಪಿ ಬೇಡ, ತಿನ್ನುವ ಆಹಾರವೂ ಬೇರೆ. ಅದರ ಮುಂದೆ ಯಾವಾಗಲೂ ಒಂದೇ ಹದದಲ್ಲಿ ಓಡಬೇಕಾದ ಪ್ರೊಮೋಟರ್ ಇರುತ್ತದೆ. ಮೊದಲು ಹುಳದ ಬೆಳಕು ಓದಿ, ಅದನ್ನು ಆರಿಸುವ ದ್ರವ ಹಾಕಿ, ಅದೇ ಟ್ಯೂಬಿನಲ್ಲಿ ರೆನಿಲ್ಲಾ ಬೆಳಕು ಓದುತ್ತಾರೆ. ಲೆಕ್ಕಕ್ಕೆ ಹೇಳುವುದಾದರೆ, ಒಂದು ಗುಳಿಯಲ್ಲಿ ಹುಳದ ಅಂಕಿ 80,000, ರೆನಿಲ್ಲಾ 4,000. ಇನ್ನೊಂದರಲ್ಲಿ 40,000 ಮತ್ತು 2,000. ಮೊದಲ ಅಂಕಿಗಳನ್ನಷ್ಟೇ ನೋಡಿದರೆ ‘ಜೀನ್ ಅರ್ಧ ಆರಿತು’ ಎಂದು ಕುಣಿಯಬಹುದು. ಭಾಗಿಸಿ ನೋಡಿದರೆ ಎರಡೂ ಕಡೆ 20. ಏನೂ ಆಗಿಲ್ಲ. ಮಗಳ ನೋಟ್‌ಬುಕ್ಕಿನಲ್ಲಿ ಭಾಗಲಬ್ಧದ ಕಾಲಂ ಇದೆಯೇ ಎಂದು ಒಮ್ಮೆ ಕೇಳಿ. ಇದ್ದರೆ ಗೈಡ್ ಒಳ್ಳೆಯವರು.

ಈ ಪರೀಕ್ಷೆಯ ಅತ್ಯಂತ ಸೊಗಸಾದ ಉದಾಹರಣೆ ಕ್ಯಾನ್ಸರಿನದಲ್ಲ, ಹಾಲಿನದು. ಎಳೆಗೂಸುಗಳಿಗೆಲ್ಲ ಹಾಲು ಜೀರ್ಣವಾಗುತ್ತದೆ, ಯಾಕೆಂದರೆ ಕರುಳಿನಲ್ಲಿ ಲ್ಯಾಕ್ಟೇಸ್ ಜೀನು ಚಾಲೂ ಇರುತ್ತದೆ. ದೊಡ್ಡವರಾದಂತೆ ಜಗತ್ತಿನ ಬಹುಪಾಲು ಜನರಲ್ಲಿ ಅದು ತಗ್ಗುತ್ತದೆ, ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಗುಡುಗುಡು. ಕೆಲವರಲ್ಲಿ ಮಾತ್ರ ಜೀವನಪೂರ್ತಿ ತಗ್ಗುವುದಿಲ್ಲ. ಲ್ಯಾಕ್ಟೇಸ್ ಜೀನನ್ನೇ ಓದಿ ನೋಡಿದರೆ ಇಬ್ಬರಲ್ಲೂ ಅದು ಸರಿಯಾಗಿಯೇ ಇದೆ. 2002ರಲ್ಲಿ ಫಿನ್ಲೆಂಡಿನ ತಂಡವೊಂದು ವ್ಯತ್ಯಾಸವನ್ನು ಎಲ್ಲಿ ಹಿಡಿಯಿತು ಗೊತ್ತೇ? ಆ ಜೀನಿನಿಂದ 13,910 ಅಕ್ಷರ ಮುಂಚೆ, ಪಕ್ಕದ ಇನ್ನೊಂದು ಜೀನಿನ ಹೊಟ್ಟೆಯೊಳಗೆ, ಒಂದೇ ಒಂದು ಅಕ್ಷರದಲ್ಲಿ. ಅವರು ಪರೀಕ್ಷಿಸಿದ ಜನರ ಪೈಕಿ ದೊಡ್ಡವರಾದ ಮೇಲೂ ಹಾಲು ದಕ್ಕುವವರಲ್ಲಿ ಅಲ್ಲಿ ‘ಟಿ’, ಉಳಿದವರಲ್ಲಿ ‘ಸಿ’.

ಅಷ್ಟು ದೂರದ ಒಂದು ಅಕ್ಷರ ನಿಜಕ್ಕೂ ಸ್ವಿಚ್ಚೇ, ಇಲ್ಲಾ ಕಾಕತಾಳೀಯವೇ? 2003ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಆ ತುಂಡನ್ನು ‘ಸಿ’ ಮತ್ತು ‘ಟಿ’ ಎರಡೂ ರೂಪದಲ್ಲಿ ಲೂಸಿಫರೇಸ್ ಪ್ಲಾಸ್ಮಿಡ್ಡಿಗೆ ಹೊಲಿದು ಕರುಳಿನ ಕೋಶಗಳಿಗೆ ಹಾಕಿ ನೋಡಿದವು. ‘ಟಿ’ ಇದ್ದಲ್ಲಿ ಬೆಳಕು ಹೆಚ್ಚು. ಮಿಕ್ಕ ಅಕ್ಷರಗಳೆಲ್ಲ ಅವೇ. ಮುಂದೆ 2012ರಲ್ಲಿ, ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಇದ್ದ ತಂಡ ಭಾರತದುದ್ದಕ್ಕೂ ಹುಡುಕಿದಾಗ ನಮ್ಮಲ್ಲೂ ಅದೇ ‘ಟಿ’ ಸಿಕ್ಕಿತು. ವಾಯವ್ಯದಲ್ಲಿ ಹೆಚ್ಚು, ದಕ್ಷಿಣ ಮತ್ತು ಪೂರ್ವಕ್ಕೆ ಬಂದಂತೆ ಕಡಿಮೆ. ನಮ್ಮ ಕಡೆ ಹಾಲಿಗಿಂತ ಮಜ್ಜಿಗೆ ಹೆಚ್ಚು ಒಗ್ಗುವ ಹೊಟ್ಟೆಗಳಿರುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದು ನನ್ನ ಊಹೆ.

ಈಗ ಅರಿಶಿನಕ್ಕೆ ಬರೋಣ. ನಿಮ್ಮಿಂದ ಸ್ವಲ್ಪ ಆಚೆ, ಚಾಮರಾಜನಗರ, ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆಯುವ ಅದರ ಹಳದಿಗೆ ಮುಖ್ಯ ಕಾರಣ ಕರ್ಕ್ಯುಮಿನ್. ಅದನ್ನು ಪರೀಕ್ಷಿಸಲು ಹೆಚ್ಚಾಗಿ ಆಯ್ದುಕೊಳ್ಳುವ ಸ್ವಿಚ್-ಪ್ರೋಟೀನು ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಗುರುತಿಸಿದ ಪ್ರೋಟೀನ್ ಇದು, ಉರಿಯೂತದ ಜೀನುಗಳನ್ನು ಎಬ್ಬಿಸುತ್ತದೆ. ಇದು ಕೂರುವ ಜಾಗಗಳಲ್ಲೊಂದು ಹತ್ತೇ ಅಕ್ಷರದ್ದು: ಜಿ ಜಿ ಜಿ ಎ ಸಿ ಟಿ ಟಿ ಟಿ ಸಿ ಸಿ. ಈ ಹತ್ತು ಅಕ್ಷರವನ್ನು ಒಂದರ ಹಿಂದೆ ಒಂದರಂತೆ ಕೆಲವು ಸಲ ಬರೆಸಿ, ಹಿಂದೆ ಲೂಸಿಫರೇಸ್ ಇಡುತ್ತಾರೆ. ಟಿಎನ್‌ಎಫ್ ಎಂಬ ಉರಿಯೂತದ ಅಣು ಹಾಕಿದರೆ ಬೆಳಕು ಏರುತ್ತದೆ. ಮೊದಲೇ ಕರ್ಕ್ಯುಮಿನ್ ಹಾಕಿಟ್ಟಿದ್ದರೆ ಅಷ್ಟು ಏರುವುದಿಲ್ಲ. ನಿಮ್ಮ ಮನೆಯವರು ಓದಿದಂಥ ಸುದ್ದಿಯ ತಲೆಬರಹ ಹುಟ್ಟುವುದು ಇಲ್ಲಿ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಕರ್ಕ್ಯುಮಿನ್ ತಾನೇ ಬಣ್ಣದ ವಸ್ತು, ನೀಲಿ ಬೆಳಕನ್ನು ನುಂಗುವುದರಿಂದಲೇ ಅದು ಹಳದಿ. ತಾನೇ ಪ್ರತಿದೀಪಿಸುತ್ತದೆ, ಹಲವು ಪ್ರೋಟೀನುಗಳಿಗೆ ಆಯ್ಕೆಯಿಲ್ಲದೆ ಅಂಟುತ್ತದೆ, ದ್ರಾವಣದಲ್ಲಿ ಬೇಗ ಕೆಡುತ್ತದೆ. ಇಂಥ ವಸ್ತು ಬೆಳಕಿನ ಪರೀಕ್ಷೆಗೆ ಬಂದರೆ ಸ್ವಿಚ್ಚನ್ನು ಮುಟ್ಟಿತೋ ಬಲ್ಬನ್ನೇ ಮುಟ್ಟಿತೋ ಎಂದು ಎರಡು ಸಲ ಯೋಚಿಸಬೇಕು. ದ್ರಾಕ್ಷಿಯ ರೆಸ್ವೆರಟ್ರಾಲ್ ಹೀಗೆಯೇ ಹುಳದ ಲೂಸಿಫರೇಸನ್ನು ನೇರವಾಗಿ ತಡೆಯುತ್ತದೆಂದು ಗೊತ್ತಾಗಿದೆ.

ಇದಕ್ಕಿಂತ ದೊಡ್ಡ ಪಾಠ ಪಿಟಿಸಿ-124 ಎಂಬ ಔಷಧಿಯದು. ಕೆಲವು ಆನುವಂಶಿಕ ರೋಗಗಳಲ್ಲಿ ಜೀನಿನ ನಡುವೆ ಅಕಾಲದಲ್ಲಿ ಬಂದ ‘ನಿಲ್ಲು’ ಸೂಚನೆಯನ್ನು ದಾಟಿಸುವ ಔಷಧಿ ಎಂದು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅದನ್ನು ಹುಡುಕಿದ್ದು ಅಂಥ ‘ನಿಲ್ಲು’ ಸೇರಿಸಿದ ಹುಳದ ಲೂಸಿಫರೇಸ್ ಬಳಸಿ, ಬೆಳಕು ಏರಿದ್ದನ್ನು ನೋಡಿ. ಎರಡು ವರ್ಷದ ಬಳಿಕ ಡಗ್ಲಸ್ ಆಲ್ಡ್ ಅವರ ತಂಡ ಹೇಳಿದ್ದು ಬೇರೆ. ಔಷಧಿ ಲೂಸಿಫರೇಸಿಗೇ ಗಟ್ಟಿಯಾಗಿ ಅಂಟಿ ಅದು ಕರಗದಂತೆ ಕಾಪಾಡುತ್ತದೆ, ಹಾಗೆ ರಾಶಿಬಿದ್ದ ಲೂಸಿಫರೇಸಿನಿಂದಲೇ ಬೆಳಕು ಏರುತ್ತದೆ. ರೆನಿಲ್ಲಾ ದೀಪ ಇಟ್ಟು ಅದೇ ಪರೀಕ್ಷೆ ಮಾಡಿದರೆ ಏನೂ ಏರುವುದಿಲ್ಲ. ಔಷಧಿ ತಯಾರಿಸಿದ ಕಂಪನಿ ಒಪ್ಪಲಿಲ್ಲ, ಬೇರೆ ಪುರಾವೆಗಳನ್ನು ಮುಂದಿಟ್ಟಿತು. 2014ರಲ್ಲಿ ಯುರೋಪಿನಲ್ಲಿ ಷರತ್ತಿನ ಮೇಲೆ ಅನುಮತಿಯೂ ಸಿಕ್ಕಿತು. ವಾದವೇನೋ ಇತ್ಯರ್ಥವಾಗದೆ ಉಳಿಯಿತು, ಆದರೆ ಒಂದೇ ದೀಪವನ್ನು ನಂಬಿ ಕೂರುವ ಕಾಲ ಅಲ್ಲಿಗೆ ಮುಗಿಯಿತು.

ಪ್ಲಾಸ್ಮಿಡ್ಡಿನ ಮಿತಿ ಇನ್ನೂ ಒಂದಿದೆ. ನಮ್ಮ ಕೋಶದಲ್ಲಿ ಡಿಎನ್‌ಎ ಬರಿಮೈಯಲ್ಲಿ ಇರುವುದಿಲ್ಲ. ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡು ಕ್ರೊಮ್ಯಾಟಿನ್ ಆಗಿರುತ್ತದೆ. ಎಷ್ಟೋ ಜೀನುಗಳು ಆರಿರುವುದು ಈ ಸುತ್ತು ಬಿಗಿಯಾಗಿರುವುದರಿಂದ. ಹೊರಗಿನಿಂದ ಹಾಕಿದ ಬಳೆಗೆ ಆ ಸಹಜ ಸುತ್ತು ಪೂರ್ತಿ ಇರುವುದಿಲ್ಲ. ಮೈಸೂರಿನಲ್ಲೇ ಹುಟ್ಟಿದ ಜೀವವಿಜ್ಞಾನಿ ಎಂ.ಆರ್.ಎಸ್. ರಾವ್ ಜೀವಮಾನವಿಡೀ ಬಿಡಿಸಿದ ಗಂಟು ಈ ಕ್ರೊಮ್ಯಾಟಿನ್. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದರು, 2023ರಲ್ಲಿ ತೀರಿಕೊಂಡರು. ಅದೇ ಕೇಂದ್ರದಲ್ಲಿ ತಾಪಸ್ ಕುಂಡು ಅವರ ತಂಡ 2004ರಲ್ಲಿ, ಹಿಸ್ಟೋನುಗಳಿಗೆ ಗುರುತು ಹಚ್ಚುವ ಪಿ-300 ಎಂಬ ಕಿಣ್ವವನ್ನು ಕರ್ಕ್ಯುಮಿನ್ ತಡೆಯುತ್ತದೆ ಎಂದು ಪ್ರಕಟಿಸಿತು. ಅದರ ಮುಖ್ಯ ಪುರಾವೆ ಆ ಕಿಣ್ವದ ಕೆಲಸವನ್ನೇ ನೇರವಾಗಿ ಅಳೆದದ್ದು. ಮೈಸೂರಿನ ಮಾನಸಗಂಗೋತ್ರಿಯ ಕೆ.ಎಸ್. ರಂಗಪ್ಪ ಅವರಿದ್ದ ತಂಡ 2014ರಲ್ಲಿ ಯಕೃತ್ತಿನ ಕ್ಯಾನ್ಸರ್ ಕೋಶಗಳಲ್ಲಿ ಸ್ಟ್ಯಾಟ್-3 ಎಂಬ ಸ್ವಿಚ್-ಪ್ರೋಟೀನಿನ ಹಾದಿಯನ್ನು ತಡೆಯುವ ಹೊಸ ರಾಸಾಯನಿಕವೊಂದನ್ನು ವರದಿ ಮಾಡಿದಾಗಲೂ, ಪ್ರೋಟೀನಿನ ಮೇಲಿನ ಫಾಸ್ಫೇಟ್ ಗುರುತನ್ನೇ ಅಳೆದು, ಇಲಿಗಳವರೆಗೂ ಹೋಗಿ ನೋಡಿದ್ದರು. ಗಟ್ಟಿ ಕೆಲಸದ ಲಕ್ಷಣ ಅದು. ಬೆಳಕು ಸುಳಿವು ಕೊಡಲಿ, ತೀರ್ಪಿಗೆ ಬೇರೆ ಸಾಕ್ಷಿ ಬೇಕು.

   

ಇನ್ನು ಮಾತ್ರೆ. ತಟ್ಟೆಯಲ್ಲಿ ಕೋಶಗಳ ಮೇಲೆ ಕರ್ಕ್ಯುಮಿನ್ನನ್ನು ನೇರವಾಗಿ ಸುರಿಯುತ್ತಾರೆ. ಬಾಯಿಂದ ತಿಂದದ್ದು ರಕ್ತಕ್ಕೆ ಸೇರುವುದು ಅತ್ಯಲ್ಪ, ಸೇರಿದ್ದನ್ನೂ ಯಕೃತ್ತು ಬೇಗ ಬದಲಿಸಿ ಹೊರಹಾಕುತ್ತದೆ. 2017ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಕ್ಯಾಥರಿನ್ ನೆಲ್ಸನ್ ಮತ್ತು ಸಂಗಡಿಗರು ಕರ್ಕ್ಯುಮಿನ್ ಕುರಿತ ರಾಶಿ ರಾಶಿ ಸಂಶೋಧನೆಯನ್ನು ಜಾಲಾಡಿ ಬರೆದರು: ರೋಗಿಗೂ ವೈದ್ಯರಿಗೂ ಯಾವುದು ಔಷಧಿ, ಯಾವುದು ಸಪ್ಪೆ ಮಾತ್ರೆ ಎಂದು ತಿಳಿಯದಂತೆ ನಡೆಸಿದ ಯಾವ ಪರೀಕ್ಷೆಯಲ್ಲೂ ಅದು ಗೆದ್ದಿಲ್ಲ ಎಂದು. ಹಾಗೆಂದು ನಿಮ್ಮ ಮಗಳ ಪ್ರಾಜೆಕ್ಟು ದಂಡವಲ್ಲ. ಅವಳು ಕೇಳುತ್ತಿರುವುದು ಒಂದು ಸ್ವಿಚ್ಚು ತಟ್ಟೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು, ಅಷ್ಟಕ್ಕೆ ಉತ್ತರ ಸಿಗುತ್ತದೆ. ನಿಮ್ಮ ಮನೆಯವರು ಅದರಿಂದ ಕ್ಯಾನ್ಸರಿಗೆ ಉತ್ತರ ತೆಗೆಯುತ್ತಿದ್ದಾರೆ.

ಸಾರಿಗೆ, ಪಲ್ಯಕ್ಕೆ ಅರಿಶಿನ ಹಾಕುವುದನ್ನು ನಿಲ್ಲಿಸಬೇಕಿಲ್ಲ. ಮಾತ್ರೆಗಳ ಮಾತು ಬೇರೆ. ಹೀರಿಕೆ ಹೆಚ್ಚಲೆಂದು ಕರಿಮೆಣಸಿನ ಪೈಪರಿನ್ ಬೆರೆಸಿದ ಗಾಢ ಮಾತ್ರೆಗಳನ್ನು ತಿಂದವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆರೋಗ್ಯವಾಗಿರುವವರಿಗೆ ಅದರ ಅಗತ್ಯವಿಲ್ಲ, ಆ ದುಡ್ಡು ಉಳಿಸಿ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಅಥವಾ ಯಕೃತ್ತಿನ ತೊಂದರೆ ಇದ್ದರೆ ಇಂದೇ ನಿಲ್ಲಿಸಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನು ಒಯ್ದು ವೈದ್ಯರಿಗೆ ತೋರಿಸಿ.